ಅಮರಪ್ಪನ ಬಾಯೊಳಗಿನ ಪೇಟಿ

ಅಮರಪ್ಪನ ಎಡಗೆನ್ನೆಯಲ್ಲಿ ಒಂದು ತಬಲಾ ಇತ್ತು. ಮೂಗಿನಲ್ಲಿ ಹಾರ್ಮೋನಿಯಂ ಇತ್ತು. ನಮ್ಮ ಕಡೆ ಅದಕ್ಕೆ ಪೇಟಿ ಅನ್ನುತ್ತೇವೆ. ಮಸ್ಕಿಯ ಸಂತೆಯಲ್ಲಿ ಅವನು ಕೆನ್ನೆ ಉಬ್ಬಿಸಿ ನಾಲ್ಕು ಪೆಟ್ಟು ಬಿಟ್ಟನೆಂದರೆ ಮೆಣಸಿನಕಾಯಿ ಮಾರುವವಳು ತೂಕ ಮರೆತು, ತಬಲಾದವನು ಎಲ್ಲಿ ಎಂದು ಹಿಂದೆ ಮುಂದೆ ನೋಡುತ್ತಿದ್ದಳು. ಇವನು ಬದನೆಕಾಯಿ ಆರಿಸುತ್ತ, ಏನೂ ತಿಳಿಯದವನಂತೆ ನಿಂತಿರುತ್ತಿದ್ದ. ಅವನು ತೀರಿಕೊಂಡು ಮೂರು ತಿಂಗಳಾಯಿತು. ಈಗಲೂ ಸಂತೆಗೆ ಹೋದರೆ ಬದನೆಕಾಯಿ ಗುಡ್ಡೆಯ ಹತ್ತಿರ ನನ್ನ ಕಾಲುಗಳು ನಿಧಾನವಾಗುತ್ತವೆ.

ನಮ್ಮದು ನಾಲ್ಕು ಜನರ ಭಜನೆ ಮೇಳ. ದುರುಗಪ್ಪ ಹಾಡುವವ, ಹುಸೇನಪ್ಪ ತಾಳದವ, ಅಮರಪ್ಪ ಪೇಟಿಯವ. ನಾನು ಪೇಟಿ ಹೊರುವವ. ನನಗೆ ಕಂಠವಿರಲಿಲ್ಲ. ಪೇಟಿ ಅಮರಪ್ಪನ ತಂದೆ ಶರಣಪ್ಪನವರದು. ಅದರ ಒಂದು ಪಟ್ಟಿ ಒತ್ತಿದರೆ ಸ್ವರಕ್ಕೆ ಮೊದಲು ಒಂದು ಕೆಮ್ಮು ಬರುತ್ತಿತ್ತು. ಯಾರಾದರೂ ನಕ್ಕರೆ ಶರಣಪ್ಪನವರು, "ಅದಕ್ಕೂ ನನ್ನಷ್ಟ ವಯಸ್ಸಾಗೈತಿ. ಕೆಮ್ಮಲಿ ಬಿಡ್ರಿ," ಎನ್ನುತ್ತಿದ್ದರು.

ಆಗ ಕಾಲುವೆಗೆ ನೀರು ಬಂದು ಬಹಳ ವರ್ಷ ಆಗಿರಲಿಲ್ಲ. ಅಷ್ಟು ನೀರು ಒಂದೇ ಕಡೆ ಓಡುವುದನ್ನು ಕಂಡರೆ ನಮಗಿನ್ನೂ ನಿಂತು ನೋಡುವ ಚಟ. ತುರ್ವಿಹಾಳದಲ್ಲಿ ಭಜನೆ ಮುಗಿಸಿ ಸಿಂಧನೂರಿಗೆ ನಡೆದು ಬರುತ್ತಿದ್ದಾಗ ಅಮರಪ್ಪ ತೂಬಿನ ಕಟ್ಟೆಯ ಮೇಲೆ ಕೂತ.

"ಹರಿಯೋ ನೀರಿನ ಮ್ಯಾಲ ಸ್ವರ ಜಾಸ್ತಿ ದೂರ ಹೋಗತೈತಂತ. ಕೊಡಲೇ ಮಲ್ಲ್ಯಾ, ನೋಡೇಬಿಡೋಣ."

ನಾನು ಪೇಟಿ ಕೊಟ್ಟೆ. ಅವನು ಅದನ್ನು ಕಟ್ಟೆಯ ಅಂಚಿಗಿಟ್ಟು ಗಾಳಿ ಒತ್ತಿದ. ಎರಡು ಸ್ವರ ಬಂದವು. ಮೂರನೆಯದಕ್ಕೆ ಪೇಟಿ ಜಾರಿತು. ಅದು ಕೂಡಲೇ ಮುಳುಗಲೂ ಇಲ್ಲ. ಒಮ್ಮೆ ಕೆಮ್ಮಿ, ತಿರುಗಿ, ಸಿಂಧನೂರಿನ ಕಡೆ ನಮಗಿಂತ ಮುಂದೆ ಹೊರಟುಹೋಯಿತು. ಹುಸೇನಪ್ಪ ಸ್ವಲ್ಪ ದೂರ ದಂಡೆಗುಂಟ ಓಡಿ ಬರಿಗೈಯಲ್ಲಿ ಬಂದ. ಅಮರಪ್ಪ ಬಹಳ ಹೊತ್ತು ನೀರು ನೋಡಿ, "ಸ್ವರ ದೂರ ಹೋಗೋದು ಖರೇ ಐತಿ ನೋಡಪ," ಎಂದ.

ಸಿಂಧನೂರಿನವರಿಗೆ ಮಾತು ಕೊಟ್ಟಾಗಿತ್ತು. ಅಂದು ಸಂಜೆ ಅಮರಪ್ಪ ಪೇಟಿಯನ್ನೂ ತಬಲಾವನ್ನೂ ಬಾಯಲ್ಲೇ ನುಡಿಸಿದ. ಶ್ರುತಿ ಹಿಡಿಯಲು ಯಾರೂ ಇಲ್ಲದೆ ನನ್ನನ್ನು ಕೂರಿಸಿದರು. ಬಾಯಿ ಮುಚ್ಚಿ "ಮ್" ಅನ್ನುವುದಷ್ಟೇ ನನ್ನ ಕೆಲಸ. "ನಾ ನಿನ್ನ ಮೊಳಕಾಲು ಮುಟ್ಟೋತನಕ ನಿಲ್ಲಸಬ್ಯಾಡ," ಎಂದ. ಅಂದಿನಿಂದ ಅದೇ ನಮ್ಮ ಕಾಯಿದೆಯಾಯಿತು. ಅವನು ಮುಟ್ಟಿದರೆ ನಿಲ್ಲುವುದು, ಇಲ್ಲದಿದ್ದರೆ ಇಲ್ಲ.

ಊರಿಗೆ ಬಂದ ಮೇಲೆ ಶರಣಪ್ಪನವರು ಬೈಯಲಿಲ್ಲ, ಹೊಡೆಯಲಿಲ್ಲ. ಮಗನ ಕೂಡ ಮಾತು ಬಿಟ್ಟರು. ಒಂದೇ ಮನೆ, ಒಂದೇ ಪಡಸಾಲೆ. ಹೇಳುವುದೇನಿದ್ದರೂ ಎಮ್ಮೆಗೆ ಹೇಳುತ್ತಿದ್ದರು. "ಎಮ್ಮೀ, ನಿಮ್ಮ ಧಣೇರಿಗೆ ಹೇಳು, ನೀರು ಕಾದಾವಂತ." ಅಮರಪ್ಪನೂ ಎಮ್ಮೆಯ ಕಡೆ ತಿರುಗಿ, "ಜಳಕ ಆಗೈತ್ರಿ ಅಂತ ಹೇಳವ್ವ," ಎನ್ನುತ್ತಿದ್ದ. ಎರಡು ವರ್ಷ ಹೀಗೇ ನಡೆಯಿತು. ಹೊರಗೆ ಇದನ್ನೇ ಅಭಿನಯಿಸಿ ತೋರಿಸಿ ನಮ್ಮನ್ನೆಲ್ಲ ನಗಿಸುತ್ತಿದ್ದ. ಒಂದು ದಿನ ಮಾತ್ರ, "ಒಮ್ಮೆ ಅಪ್ಪ ನನ್ನ ಬಾಯಿಪೇಟಿ ಕೇಳಬೇಕಲೇ. ಬೈದರೂ ಅಡ್ಡಿಯಿಲ್ಲ, ನನಗ ಬೈಬೇಕು. ಎಮ್ಮಿಗಲ್ಲ," ಎಂದ.

ಆ ಹೊತ್ತಿಗೆ ಹಟ್ಟಿಯಿಂದ ವಿಕ್ಟರ್ ಬಂದ. ಕೋಲಾರದ ಕಡೆಯವನು, ಚಿನ್ನದ ಗಣಿಯಲ್ಲಿ ಕೆಲಸ. ಅವನದೊಂದು ಬ್ಯಾಂಡು: ಎರಡು ಕರೆಂಟಿನ ಗಿಟಾರು, ಒಂದು ದೊಡ್ಡ ಡ್ರಮ್ಮು, ಹೆಗಲವರೆಗೆ ಕೂದಲು ಬಿಟ್ಟ ಮೂವರು. ಲಿಂಗಸುಗೂರು, ಮಸ್ಕಿ, ಸಿಂಧನೂರು ಎಂದು ಊರೂರಿಗೆ ಹೋಗಿ ನುಡಿಸುವ ಆಸೆ ಅವನಿಗೆ. ಆದರೆ ಕರೆಂಟು ಹೋದರೆ ಗಿಟಾರು ಬರೀ ಕಟ್ಟಿಗೆ.

"ನೋಡಪ್ಪಾ, ಕರೆಂಟು ಹೋದಾಗ ಜನ ಎದ್ದು ಹೋಗದಂಗೆ ನೀವು ಹಾಡಬೇಕು. ಬಂದಾಗ ಇಳಿದುಬಿಡಬೇಕು," ಎಂದ ವಿಕ್ಟರ್.

"ಅಂದ್ರ ನಾವು ಕಂದೀಲು," ಎಂದ ಅಮರಪ್ಪ. ಒಪ್ಪಿಯೂಬಿಟ್ಟ.

ಲಿಂಗಸುಗೂರಿನಲ್ಲಿ ಕರೆಂಟು ಚೆನ್ನಾಗಿಯೇ ಕೈಕೊಟ್ಟಿತು. ನಾವು ಹತ್ತಿದೆವು, ಜನ ಕುಣಿದರು. ಹಾಡು ಮುಗಿದರೂ ಅಮರಪ್ಪ ನನ್ನ ಮೊಳಕಾಲು ಮುಟ್ಟಲಿಲ್ಲ. ಕಣ್ಣು ಮುಚ್ಚಿ ಶ್ರುತಿ ಹಿಡಿದೇ ಇದ್ದೆ. ಕಣ್ಣು ತೆರೆದಾಗ ದೀಪ ಬಂದಿತ್ತು, ಗಿಟಾರಿನವರು ನನ್ನ ಸುತ್ತ ನಿಂತು ನೋಡುತ್ತಿದ್ದರು. ನಮ್ಮ ಮೇಳದ ಮೂವರೂ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದರು. ಅಮರಪ್ಪ ನನ್ನ ಕಡೆ ಬಟ್ಟಲು ಎತ್ತಿ ತೋರಿಸಿದ. ಎರಡು ದಿನ ನಾನು ಅವನ ಕೂಡ ಮಾತಾಡಲಿಲ್ಲ. "ನೀನೂ ಒಂದು ಎಮ್ಮಿ ಕಟ್ಟು ಹಂಗಾದ್ರ," ಎಂದ.

ಮಸ್ಕಿಯ ಶಾಲೆಯ ಬಯಲಿನ ಆಟದ ದಿನ ಶರಣಪ್ಪನವರು ಎಮ್ಮೆಗೆ ಹೇಳಿದರಂತೆ: "ಸಂಜಿಕ ಸಾಲಿ ಕಡೆ ಹೋಗಾಂವ ಇದ್ದೀನಿ. ಯಾರೂ ತಮ್ಮ ಸಲುವಾಗಿ ಬಂದಾರಂತ ತಿಳ್ಕೊಳ್ಳೋದು ಬ್ಯಾಡ." ಅಮರಪ್ಪ ಮಧ್ಯಾಹ್ನವೇ ಲೈಟಿನ ಕಂಬಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದು ಬಂದ. "ಇವತ್ತೊಂದಿನ ಹೋಗಪ," ಎಂದು ಬೇಡಿಕೊಂಡನಂತೆ.

ಅಂದು ಮಾತ್ರ ಕರೆಂಟು ಕದಲಲಿಲ್ಲ. ಒಂದು ಹಾಡು ಆಯಿತು, ಎರಡಾಯಿತು, ನಾಲ್ಕಾಯಿತು. ಬಲ್ಬು ಎಂದಿಗಿಂತ ಬೆಳ್ಳಗೆ ಉರಿಯಿತು. ಶರಣಪ್ಪನವರು ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದರು. ಐದನೆಯ ಹಾಡಿಗೆ ಹೆಗಲ ಮೇಲಿನ ವಸ್ತ್ರ ಕೊಡವಿ ಎದ್ದರು.

ಅಮರಪ್ಪ ನನ್ನ ರಟ್ಟೆ ಹಿಡಿದ. "ಶ್ರುತಿ ಹಿಡಿ. ನಾ ಬಂದೆ."

"ಇಷ್ಟು ಗದ್ದಲದಾಗ ಯಾರಿಗೆ ಕೇಳಸತೈತಿ?"

"ಹಿಡಿಯಲೇ."

ಹಿಡಿದೆ. ನನಗೇ ಕೇಳಿಸಲಿಲ್ಲ. ಅವನು ಶಾಲೆಯ ಪಡಸಾಲೆಯ ಕಡೆ ಹೋದ. ಅಷ್ಟರಲ್ಲಿ ಬಲ್ಬು, ಗಿಟಾರು, ಮೈಕು ಎಲ್ಲ ಒಂದೇ ಸಲ ಸತ್ತವು. ಬಯಲಿನಲ್ಲಿ ಉಳಿದದ್ದು ನನ್ನ "ಮ್" ಒಂದೇ. ಹುಸೇನಪ್ಪ ಕಂದೀಲು ಹಚ್ಚುವಷ್ಟರಲ್ಲಿ ಅಮರಪ್ಪ ಏದುಸಿರು ಬಿಡುತ್ತ ಪಕ್ಕದಲ್ಲಿ ಕೂತಿದ್ದ. ದುರುಗಪ್ಪನಿಗೆ ಸುಮ್ಮನಿರಲು ಸನ್ನೆ ಮಾಡಿ ಒಬ್ಬನೇ ಬಾಯಿಪೇಟಿ ಎತ್ತಿದ. ಮೆಲ್ಲಗೆ, ತಂದೆ ಬೆಳಿಗ್ಗೆ ನುಡಿಸುತ್ತಿದ್ದ ಹಾಗೆ. ಆ ಪಟ್ಟಿಯ ಜಾಗಕ್ಕೆ ಬಂದಾಗ ಮೊದಲು ಕೆಮ್ಮಿದ, ಆಮೇಲೆ ಸ್ವರ ಹಿಡಿದ. ಎರಡನೆಯ ಸಲವೂ ಕೆಮ್ಮಿದ. ಜನ ನಕ್ಕರು. ಮೂರನೆಯ ಸಲ ಸ್ವಲ್ಪ ಜೋರಾಗಿಯೇ ಕೆಮ್ಮಿದ.

ಕತ್ತಲಲ್ಲಿ, ಶಾಲೆಯ ಗೇಟಿನ ಕಡೆಯಿಂದ ಶರಣಪ್ಪನವರ ದನಿ ಬಂತು. "ಲೇ ಅಮರ್ಯಾ, ಅದು ಅಷ್ಟು ಕೆಮ್ಮತಿದ್ದಿಲ್ಲಲೇ."

ಅಮರಪ್ಪನಿಗೆ ಮುಂದೆ ನುಡಿಸಲಾಗಲಿಲ್ಲ. ನನ್ನ ಮೊಳಕಾಲು ಮುಟ್ಟುವುದನ್ನೂ ಮರೆತ. "ಕಡಿಮಿ ಮಾಡ್ತೀನ್ರಿ ಅಪ್ಪಾ," ಎಂದ.

ಆಟ ಮುಗಿದ ಮೇಲೆ ವಿಕ್ಟರ್ ಅವನ ಜುಬ್ಬದ ಜೇಬಿಗೆ ಕೈ ಹಾಕಿ ಫ್ಯೂಜು ತೆಗೆದ. "ಮುಂದಿನ ಸಲ ನನ್ನ ಹಾಡು ಮುಗಿದ ಮೇಲೆ ಕೀಳಪ್ಪ," ಎಂದಷ್ಟೇ ಅಂದ. ಮುಂದಿನ ಊರಿಂದ ಇಬ್ಬರೂ ಮೊದಲೇ ಮಾತಾಡಿಕೊಂಡು ಕೀಳುತ್ತಿದ್ದರು.

ಕೊನೆಗೆ, ಮುಪ್ಪಿನಲ್ಲಿ, ಅಮರಪ್ಪನಿಗೆ ಗಂಟಲಿನ ರೋಗ ಬಂತು. ದನಿ ಹೋಯಿತು. ನಾನು ನೋಡಲು ಹೋದ ದಿನ ಅವನ ಹೆಂಡತಿ ಈರಮ್ಮ ದಿಂಬು ಏರಿಸಿ ಕೂರಿಸಿದ್ದಳು. ನನ್ನನ್ನು ಕಂಡು ತುಟಿ ಮುಚ್ಚಿ ತೋರಿಸಿದ. ಶ್ರುತಿ ಹಿಡಿ ಎಂದು. ಈ ವಯಸ್ಸಿನಲ್ಲಿ ಉಸಿರು ಉದ್ದಕ್ಕೆ ನಿಲ್ಲುವುದಿಲ್ಲ, ಆದರೂ ಹಿಡಿದೆ. ಅವನು ಮಂಚದ ಪಟ್ಟಿಯ ಮೇಲೆ ಎರಡು ಬೆರಳಿನಿಂದ ತಾಳ ಹಾಕಿದ. ಒಂದು ಕಡೆ ಬೆರಳು ನಿಲ್ಲಿಸಿ, ಕಣ್ಣಲ್ಲೇ ನಕ್ಕ. ಕೆಮ್ಮುವ ಪಟ್ಟಿ ಅಲ್ಲಿಯೇ ಬರಬೇಕಿತ್ತು. ಆಮೇಲೆ ಬೆರಳು ನಿಧಾನವಾದವು.

ನಾನು ಕಣ್ಣು ಮುಚ್ಚಿ ಕಾದೆ. ಮೊಳಕಾಲಿಗೆ ಕೈ ಬರಲಿಲ್ಲ. ಇವನು ಇನ್ನೊಮ್ಮೆ ನನ್ನನ್ನು ಕೂರಿಸಿ ಚಹಾಕ್ಕೆ ಹೋಗಿದ್ದಾನೆ ಅಂದುಕೊಂಡೆ. ನಿಲ್ಲಿಸಲಿಲ್ಲ.

"ಸಾಕು ಬಿಡ್ರಿ ಅಣ್ಣಾರ, ಮಕ್ಕೊಂಡಾರ," ಎಂದಳು ಈರಮ್ಮ.

ಆಗ ಅವನು ಮಲಗಿದ್ದು ನಿಜವೇ. ಹೋದದ್ದು ನಾಲ್ಕು ದಿನದ ಮೇಲೆ. ಆದರೆ ನನ್ನ ಮೊಳಕಾಲನ್ನು ಅವನು ಮುಟ್ಟಲೇ ಇಲ್ಲ. ಆದ್ದರಿಂದ ಕಾಯಿದೆಯ ಪ್ರಕಾರ ಆ ಹಾಡು ಇನ್ನೂ ಮುಗಿದಿಲ್ಲ.