ಅವ್ವನ ಡೊಂಕು ಕಿರುಬೆರಳು

ಕೆಳಮನೆ ಅವ್ವನ ಬಲಗೈ ಕಿರುಬೆರಳು ನೆಟ್ಟಗಿರಲಿಲ್ಲ. ಚೌಕಾಬಾರ ಆಡುವಾಗ ಹೆಬ್ಬೆರಳು, ತೋರುಬೆರಳು ಸೇರಿ ಒಂದು ಕಾಯಿಯನ್ನು ನ್ಯಾಯವಾಗಿ ನಡೆಸುತ್ತಿದ್ದರೆ, ಆ ಡೊಂಕು ಬೆರಳು ಪಕ್ಕದ ಕಾಯಿಯನ್ನು ಮೆಲ್ಲಗೆ ಒಂದು ಮನೆ ಮುಂದಕ್ಕೆ ತಳ್ಳಿಬಿಡುತ್ತಿತ್ತು. ಯಾರಾದರೂ ಹಿಡಿದರೆ, "ಅಯ್ಯ, ಕಣ್ಣು ಕಾಣಂಗಿಲ್ಲವ್ವ ನನಗ" ಅನ್ನುತ್ತಿದ್ದರು. ಬೀದಿಯ ಆ ತುದಿಯಲ್ಲಿ ಯಾರ ಸೊಸೆ ಯಾವ ಸೀರೆ ಉಟ್ಟಿದ್ದಾಳೆಂದು ಹೇಳುತ್ತಿದ್ದುದೂ ಅದೇ ಕಣ್ಣು.

ಹೊಸಪೇಟೆಯಲ್ಲಿ ನಾನೂ ನನ್ನ ಗೆಳತಿಯೂ ಕಂಪ್ಯೂಟರ್ ಆಟಗಳ ಕಂಪನಿ ಶುರುಮಾಡಿದ್ದು ಅವ್ವನ ಮನೆಯ ಮಹಡಿ ಕೋಣೆಯಲ್ಲಿ. ದುಡ್ಡು ಕೊಡಬೇಕಿಲ್ಲ, ಏನನ್ನೂ ಇಳಿಸಿಕೊಳ್ಳಬೇಕಿಲ್ಲ, ಬ್ರೌಸರ್ ತೆರೆದರೆ ಆಟ. ಜಾಹೀರಾತಿನಿಂದ ನಮ್ಮ ಹೊಟ್ಟೆ ತುಂಬಬೇಕು. "ಪುಕ್ಕಟೆ ಆಡ್ಸಾಕ ಇಬ್ಬರು ಬೇಕೇನು? ನಾ ಒಬ್ಬಾಕಿನ ಕಟ್ಟಿ ಮ್ಯಾಲ ಆಡಸ್ತೀನಲ್ಲ" ಎಂದು ಅವ್ವ ನಕ್ಕಿದ್ದರು. ಮಧ್ಯಾಹ್ನ ಊಟವಾದ ಮೇಲೆ ಓಣಿಯ ಹೆಂಗಸರು ಅವರ ಕಟ್ಟೆಗೆ ಬರುತ್ತಿದ್ದರು. ಅಲ್ಲಿನ ಚಪ್ಪಡಿಯಲ್ಲೇ ಆಟದ ಮನೆ ಕೊರೆದಿತ್ತು. ಕವಡೆಗಿಂತ ಜಗಳದ ಸದ್ದೇ ಜಾಸ್ತಿ.

ನಮ್ಮ ಆಟಗಳಿಗೆ ಮಾತ್ರ ಒಮ್ಮೆ ಬಂದವರು ಮತ್ತೆ ಬರುತ್ತಿರಲಿಲ್ಲ. ಯುಗಾದಿವರೆಗೂ ಹೀಗೇ ಇದ್ದರೆ ಕಂಪನಿ ಮುಚ್ಚುವುದೆಂದು ನಿರ್ಧರಿಸಿದೆವು. ಕೊನೆಯದಾಗಿ ಚೌಕಾಬಾರವನ್ನೇ ಕಂಪ್ಯೂಟರಿಗೆ ತಂದು, ಅವ್ವನ ಮುಂದೆ ಲ್ಯಾಪ್‌ಟಾಪ್ ಇಟ್ಟೆವು. ಎರಡು ಆಟ ಆಡಿ ಅದನ್ನು ಆಚೆ ಸರಿಸಿದರು.

"ಚಲೋ ಇಲ್ಲೇನ್ರಿ ಅವ್ವಾ?" ಎಂದೆ.

"ಚಲೋ ಐತಿ. ಪೊಲೀಸ್ ಠಾಣೆ ಇದ್ದಂಗ ಐತಿ. ಕಳ್ಳಾಟ ಆಡಾಕ ಬರಂಗಿಲ್ಲ, ಹಿಡ್ಯಾಕ ಬರಂಗಿಲ್ಲ, ಜಗಳಿಲ್ಲ. ಮತ್ಯಾಕ ಕುಂದ್ರಬೇಕು?"

ಗೆಳತಿಗೆ ಸಿಟ್ಟು ಬಂತು. "ಆಟ ಅಂದಮ್ಯಾಲ ನಿಯಮ ಬ್ಯಾಡೇನ್ರಿ?"

"ಬೇಕವ್ವ. ಇಲ್ಲಂದ್ರ ಮುರಿಯೋದೇನು? ಹಂಪಿ ಮಂಟಪದಾಗ ಕಲ್ಲಿನ ಮ್ಯಾಲ ಮನಿ ಕೊರೆದಾರಲ್ಲ, ಅವರೂ ಆಡ್ಯಾರ ಕಳ್ಳಾಟ. ಬೇಕಂದ್ರ ಹೋಗಿ ಕೇಳ್ರಿ."

ಕೇಳಲು ಹೋಗಲಿಲ್ಲ. ಮಹಡಿ ಹತ್ತಿ, ಅವರ ಕಿರುಬೆರಳನ್ನೇ ಆಟದೊಳಗೆ ಸೇರಿಸಿದೆವು. ಆಟಕ್ಕೊಮ್ಮೆ ಕಾಯಿಯನ್ನು ಕದ್ದು ತಳ್ಳಬಹುದು. ಎದುರಿನವರು ಕಂಡು 'ಹಿಡಿದೆ' ಒತ್ತಿದರೆ ಆ ಕಾಯಿ ಹೊರಟ ಮನೆಗೇ ವಾಪಸ್ಸು. ಸುಮ್ಮನೆ ಅನುಮಾನಪಟ್ಟು ಒತ್ತಿದವರ ಸರದಿ ಹೋಯಿತು.

ಮೊದಲು ಓಣಿಯವರು ಹಚ್ಚಿಕೊಂಡರು, ಆಮೇಲೆ ಕಂಪ್ಲಿಯ ಅವರ ನಾದಿನಿಯರು, ಸಂಡೂರಿನ ಬೀಗರು. ಯುಗಾದಿ ಹೊತ್ತಿಗೆ, ಭಾಷೆ ಕೂಡ ತಿಳಿಯದ ಊರುಗಳಿಂದ ಜನ ಬಂದು ಸಂತೋಷವಾಗಿ ಕದಿಯತೊಡಗಿದರು. ಮುಚ್ಚುವ ಮಾತು ಬಿಟ್ಟು ಮಹಡಿಯ ಉಳಿದ ಕೋಣೆಗಳನ್ನೂ ಬಾಡಿಗೆಗೆ ಹಿಡಿದೆವು. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಅವ್ವ ಕಟ್ಟೆಯ ಮೇಲೆ ಕೂರಿಸಿ ಸೋಲಿಸುತ್ತಿದ್ದರು. ಜಗಳಕ್ಕೆ ಬರದವರ ಬಗ್ಗೆ ನನಗೆ ಗುಟ್ಟಾಗಿ ಹೇಳುವರು: "ಭಾಳ ಸಪ್ಪಗದಾನ, ನಿಮಗ ಬ್ಯಾಡ." ಅವರ ಮಾತು ಕೇಳಿದ್ದರೆ ನಮಗೆ ಅಕೌಂಟೆಂಟೇ ಸಿಗುತ್ತಿರಲಿಲ್ಲ.

ಹೋದ ಶ್ರಾವಣದಲ್ಲಿ ಅವ್ವ ತೀರಿಕೊಂಡರು. ಕಟ್ಟೆ ಈಗಲೂ ತುಂಬುತ್ತದೆ, ನನಗೇ ಅಲ್ಲಿ ಕೂರಲು ಮನಸ್ಸಾಗುವುದಿಲ್ಲ. ಮೇಲೆ ಕುಳಿತು ಆಟ ತೆರೆಯುತ್ತೇನೆ. ಜೊತೆಗೆ ಯಾರೂ ಇಲ್ಲದಾಗ ಕಂಪ್ಯೂಟರೇ ಎದುರಾಳಿ. ಯಾವಾಗ ಕದಿಯಬೇಕೆಂದು ಅದಕ್ಕೆ ಕಲಿಸಿದ್ದು ಅವ್ವ, ನನ್ನ ಪಕ್ಕ ಕುಳಿತು, "ಈಗ ಬ್ಯಾಡ... ಹಾಂ, ಈಗ ತಳ್ಳು" ಎನ್ನುತ್ತಾ. ನಾನು ಉಣ್ಣುವ ಅನ್ನ ಆ ಕಿರುಬೆರಳಿನ ಋಣ. ಪಕ್ಕದ ಕಾಯಿ ಮೆಲ್ಲಗೆ ಸರಿಯುವುದು ನನಗೆ ಚೆನ್ನಾಗಿ ಕಾಣುತ್ತದೆ. 'ಹಿಡಿದೆ' ಒತ್ತುವುದಿಲ್ಲ. ದಿನವೂ ಅವ್ವನಿಗೆ ಒಂದಾಟ ಸೋತು, ಕೆಲಸ ಶುರುಮಾಡುತ್ತೇನೆ.