ಹಳ್ಳಕ್ಕೆ ಬಿಟ್ಟ ಅಕ್ಷರಗಳು

ನಾನು ಚಿಕ್ಕವನಿದ್ದಾಗ ಎಲ್ಲ ಅಕ್ಷರಗಳೂ ನನ್ನ ಕಣ್ಣಿಗೆ ಒಂದೇ ಥರ ಕಾಣುತ್ತಿದ್ದವು. ಅಕ್ಕ ಪಾಟಿಯ ಮೇಲೆ ಬರೆದು, ಬೆರಳಿಟ್ಟು ತೋರಿಸಿ, ಗಂಟಲು ಹರಿಯುವಂತೆ ಕೂಗಿ ಹೇಳಿಕೊಡುತ್ತಿದ್ದಳು. ನನಗೋ ಅವೆಲ್ಲ ಬುಟ್ಟಿಯಲ್ಲಿ ಪೇರಿಸಿಟ್ಟ ಜೋಳದ ರೊಟ್ಟಿಗಳ ಹಾಗೆ! ದುಂಡಗೆ, ಒಂದರಂತೆ ಇನ್ನೊಂದು. ಅದರಲ್ಲಿ ‘ಕ’ ಯಾವುದು, ‘ದ’ ಯಾವುದು ಎಂದು ಕೇಳಿದರೆ ಏನು ಹೇಳಲಿ? ಇದು ಎಪ್ಪತ್ತರ ದಶಕದ ಮಾತು, ಮಕ್ಕಳೇ. ಆಗ ನಾವು ಯರಗುಪ್ಪಿಯಲ್ಲಿದ್ದೆವು.

ಓದು ಬಾರದಿದ್ದರೂ ಓದುವ ಆಸೆ ಮಾತ್ರ ಹೊಟ್ಟೆ ತುಂಬ ಇತ್ತು. ಅದಕ್ಕೆ ಕಾರಣ ಬಸ್ಸು. ಊರ ಮುಂದಿನ ಬೇವಿನ ಮರದ ಕೆಳಗೆ ಮುಂಜಾನೆ ಒಂದು ಬಸ್ಸು, ಸಂಜೆ ಇನ್ನೊಂದು ಬಸ್ಸು ಧೂಳೆಬ್ಬಿಸುತ್ತ ಬಂದು ನಿಲ್ಲುತ್ತಿದ್ದವು. ಎರಡರ ಹಣೆಯ ಮೇಲೂ ಬೇರೆ ಬೇರೆ ಬೋರ್ಡು. ಒಂದು ದಿನ ಅಪ್ಪ, “ನೋಡಲೇ, ಯಾವ ಬೋರ್ಡ್ ಓದ್ತಿ, ಆ ಊರಿಗೆ ನಿನ್ನ ಕರಕೊಂಡು ಹೋಗ್ತೀನಿ. ಆದ್ರ ಯಾರನ್ನೂ ಕೇಳೂಹಂಗಿಲ್ಲ!” ಎಂದುಬಿಟ್ಟ. ನಾನು ಅಲ್ಲಿಯವರೆಗೆ ಊರ ಸೀಮೆ ದಾಟಿದವನಲ್ಲ. ಆ ಬಸ್ಸು ಹೋಗುವ ಊರು ಹೇಗಿದೆ? ಅಲ್ಲಿಯ ಹುಡುಗರು ಯಾವ ಆಟ ಆಡುತ್ತಾರೆ? ಅಲ್ಲಿಯ ಮಣ್ಣೂ ನಮ್ಮದರ ಹಾಗೆ ಕಪ್ಪಗಿದೆಯೋ ಏನೋ? ಊಟಕ್ಕೆ ಕೂತರೂ ಇದೇ ಚಿಂತೆ.

ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಮುಂಗಾರು ಶುರುವಾಗುವ ಹೊತ್ತಿನಲ್ಲಿ ನಮ್ಮ ಕಡೆ ಎರೆಮಣ್ಣಿನಿಂದ ಜೋಡೆತ್ತು ಮಾಡಿ, ಅವಕ್ಕೆ ಮೇವು ತಿನ್ನಲೊಂದು ಗೋದಲಿ ಮಾಡಿ ಪೂಜಿಸುತ್ತಾರೆ. ಅಪ್ಪ ಹಳ್ಳದ ದಂಡೆಯಿಂದ ಬುಟ್ಟಿ ತುಂಬ ಮಣ್ಣು ತಂದ. ತಣ್ಣಗಿನ, ಜಿಗುಟು ಮಣ್ಣು. ಮೂಗಿನ ಹತ್ತಿರ ಹಿಡಿದರೆ ಮೊದಲ ಮಳೆಯ ವಾಸನೆ. ಎತ್ತಿನ ಕೋಡು, ಬೆನ್ನ ಮೇಲಿನ ಹಿಣಿಲು ತಿದ್ದುವುದರಲ್ಲಿ ನನ್ನ ಕೈ ಬಲು ಚುರುಕು. ಕಣ್ಣಿಗೆ ಕುಸುಬೆ ಕಾಳು ಒತ್ತಿದಾಗ ಎತ್ತು ನನ್ನನ್ನೇ ನೋಡಿದಂತಾಯಿತು.

ಅಕ್ಕ ನನ್ನ ಬೆರಳುಗಳನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಉಳಿದ ಮಣ್ಣನ್ನು ಹುರಿಯಂತೆ ಹೊಸೆದು, ಬಗ್ಗಿಸಿ, ನನ್ನ ಅಂಗೈಯಲ್ಲಿಟ್ಟಳು. “ಕಣ್ಣು ಮುಚ್ಚು. ಮುಟ್ಟಿ ನೋಡು. ಇದು ಕ.” ಮುಟ್ಟಿದೆ. ಮೇಲೆ ತಲೆಕಟ್ಟು, ನಡುವೆ ಅಡ್ಡಗೆರೆ, ಕೆಳಗೆ ದುಂಡು ಹೊಟ್ಟೆ. ಅರೆ, ಇದು ರೊಟ್ಟಿಯಲ್ಲ! ‘ಗ’ ಎಂದರೆ ಎತ್ತಿನ ಕಾಲುಗಳ ನಡುವಿನ ಸಂದಿ. ಕಣ್ಣು ಮಾಡದ ಕೆಲಸವನ್ನು ಬೆರಳು ಮಾಡಿತು. ಮಧ್ಯಾಹ್ನದೊಳಗೆ ಕ, ದ, ಗ, ಳ, ಹ, ಬ ನನ್ನ ಗೆಳೆಯರಾದವು. ಒಣಗಲಿ ಎಂದು ಅವನ್ನು ದೇವರ ಜಗಲಿಯ ಮೇಲೆ, ಎತ್ತುಗಳ ಬಾಜು ಇಟ್ಟೆ. ಕೋಳಿ ಬಾರದ ಜಾಗ ಮನೆಯಲ್ಲಿ ಅದೊಂದೇ.

ಸ್ನಾನ ಮಾಡಿ ಬಂದ ಆಯಿ, ಅಂದರೆ ನಮ್ಮ ಅಜ್ಜಿ, ಎತ್ತುಗಳಿಗೆ ವಿಭೂತಿ ಕುಂಕುಮ ಹಚ್ಚಿದಳು. ಅದೇ ಕೈಯಲ್ಲಿ ಅಕ್ಷರಗಳಿಗೂ ಹಚ್ಚಿ, ಹೂವೇರಿಸಿ, ಹೋಳಿಗೆ ಎಡೆ ತೋರಿಸಿದಳು. ನನಗೆ ಹಿಗ್ಗೋ ಹಿಗ್ಗು. ಆದರೆ ಸಂಜೆ ಎತ್ತುಗಳನ್ನು ಹಳ್ಳಕ್ಕೆ ಬಿಡುವ ಹೊತ್ತಾದಾಗ ಅವಳು ಅಕ್ಷರಗಳನ್ನೂ ಬುಟ್ಟಿಗೆ ಹಾಕಿಕೊಂಡಳು.

“ಆಯಿ, ಅವು ಎತ್ತಲ್ಲ, ಅಕ್ಷರ!” ಎಂದು ಸೆರಗು ಹಿಡಿದು ಜಗ್ಗಿದೆ.

“ಕುಂಕುಮ ಬಿದ್ದ ಮ್ಯಾಲೆ ಎತ್ತೂ ಅಷ್ಟ, ಅಕ್ಷರನೂ ಅಷ್ಟ. ಪೂಜಿ ಮಾಡಿದ್ದನ್ನ ಮನ್ಯಾಗ ಇಟ್ಕೋಬಾರ್ದೋ ಯಪ್ಪಾ.”

ಅಪ್ಪನ ಮುಖ ನೋಡಿದೆ. ಅವನು ಆಯಿಗೆ ಎದುರಾಡುವವನಲ್ಲ. ಅಕ್ಷರಗಳು ಕರಗಿಹೋದರೆ ನಾಳೆಯಿಂದ ಮತ್ತೆ ಎಲ್ಲವೂ ರೊಟ್ಟಿಯೇ! ಬಸ್ಸೂ ಹೋಯಿತು, ಊರೂ ಹೋಯಿತು. ಹಳ್ಳದವರೆಗೂ ಗಳಗಳನೆ ಅಳುತ್ತಲೇ ನಡೆದೆ.

ದಂಡೆಯ ಮೇಲೆ ಅಕ್ಕ ನನ್ನ ಪಕ್ಕ ಕೂತಳು. “ಅಳಬ್ಯಾಡ. ಕಣ್ಣು ಮುಚ್ಚಿ ಒಂದೊಂದ ಕೈಯಾಗ ತಗೋ. ಹೆಸರು ಹೇಳಿ ಬಿಡು.” ಹಾಗೇ ಮಾಡಿದೆ. ಕ ಎಂದೆ, ಬಿಟ್ಟೆ. ದ ಎಂದೆ, ಬಿಟ್ಟೆ. ‘ಳ’ ಮಾತ್ರ ಬೇಗ ಹೆಸರು ಹೇಳಲಿಲ್ಲ. ಎರಡು ಸಲ ತಿರುವಿ ಮುರುವಿ ಮುಟ್ಟಿದ ಮೇಲೆ ಒಪ್ಪಿಕೊಂಡಿತು. ಕರಗುವುದು ಹೇಗೆ ಎಂಬ ಕುತೂಹಲಕ್ಕೆ ಕಣ್ಣು ತೆರೆದು ನೋಡಿದೆ. ಮೊದಲು ಕುಂಕುಮ ಹೋಯಿತು, ಆಮೇಲೆ ಅಂಚು ಮೆತ್ತಗಾಯಿತು, ಆಮೇಲೆ ನೀರೇ ಕಪ್ಪಾಯಿತು.

ಬುಟ್ಟಿ ಖಾಲಿಯಾಯಿತು. ಕೈಯಲ್ಲಿ ಅಕ್ಷರಗಳು ಉಳಿದಿವೆಯೋ ಇಲ್ಲವೋ? ತಡೆಯಲಾಗಲಿಲ್ಲ. ದಂಡೆಯ ಒದ್ದೆ ಮಣ್ಣು ಬಾಚಿ, ಕಣ್ಣು ಮುಚ್ಚಿ, ಹೊಸೆದು ಬಗ್ಗಿಸಿದೆ. ಕಣ್ಣು ಬಿಟ್ಟಾಗ ಅಂಗೈಯಲ್ಲಿ ಸೊಟ್ಟಗೊಂದು ‘ಕ’ ಕೂತಿತ್ತು! ಅಕ್ಕ ಕಿಲಕಿಲ ನಕ್ಕಳು. ಆಯಿ ಬಗ್ಗಿ ನೋಡಿ, “ಇದಕ್ಕ ಕುಂಕುಮ ಹಚ್ಚೂದಿಲ್ಲ ಬಿಡು, ಮನಿಗೆ ಒಯ್ಯಿ,” ಎಂದಳು.

ಮುಂದೆ ಅಕ್ಕ ಕೊಂಬು, ಸೊನ್ನೆಗಳನ್ನೂ ಮಣ್ಣಿನಲ್ಲೇ ಕಲಿಸಿದಳು. ಒಂದು ಮುಂಜಾನೆ ಬಸ್ಸಿನೆದುರು ನಿಂತು, ಬೋರ್ಡು ನೋಡುತ್ತ, ಅಂಗೈಯಲ್ಲಿ ಹೆಬ್ಬೆರಳು ಆಡಿಸುತ್ತ ಓದಿದೆ: “ಕುಂ… ದ… ಗ… ಳ.”

ಕಂಡಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಕುಂದಗಳ ಅಂದ್ರೂ ಬಸ್ಸು ಕುಂದಗೋಳಕ್ಕ ಹೊಕ್ಕೈತಿ, ಹತ್ತೋ ತಮ್ಮಾ!” ಅಪ್ಪ ನನ್ನನ್ನು ಎತ್ತಿ ಕಿಟಕಿಯ ಪಕ್ಕ ಕೂರಿಸಿದ. ಆವತ್ತಿನ ಸಂತೋಷ ನನಗೆ ಮತ್ತೆ ಯಾವ ಪರೀಕ್ಷೆ ಪಾಸಾದಾಗಲೂ ಸಿಕ್ಕಿಲ್ಲ. ಅಂದ ಹಾಗೆ, ಕುಂದಗೋಳದ ಮಣ್ಣೂ ಕಪ್ಪಗೇ ಇತ್ತು.

ನೀವು ಮೊಬೈಲಿನಲ್ಲಿ ಅಕ್ಷರ ಮುಟ್ಟಿದರೆ ಸಾಕು, ಅದೇ ತನ್ನ ಹೆಸರು ಹೇಳುತ್ತದೆ. ಎಷ್ಟು ಚಂದ! ನಾನೂ ಮೊಮ್ಮಗಳ ಪಕ್ಕ ಕೂತು ಮುಟ್ಟಿ ಮುಟ್ಟಿ ಕೇಳುತ್ತೇನೆ. ನನ್ನ ಮಣ್ಣಿನ ಅಕ್ಷರಗಳು ಮೂಕ. ಅವುಗಳ ಹೆಸರನ್ನು ನಾನೇ ಹೇಳಬೇಕಿತ್ತು. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಓದುತ್ತ ನಿಂತಿದ್ದಾಗ ಮೊಮ್ಮಗಳು ನನ್ನ ಕೈ ಹಿಡಿದುಕೊಂಡಿದ್ದಳು. “ಅಜ್ಜಾ, ನನ್ನ ಕೈಯಾಗ ಏನ್ ಬರ್ಯಾಕತ್ತೀರಿ?” ಎಂದು ಕೇಳಿದಳು. ನೋಡಿದರೆ, ನನ್ನ ಹೆಬ್ಬೆರಳು ಅವಳ ಅಂಗೈಯಲ್ಲಿ ಮೆಲ್ಲಗೆ ‘ಕ’ ತಿದ್ದುತ್ತಿತ್ತು.

“ಕಣ್ಣು ಮುಚ್ಚು,” ಎಂದೆ. “ನೀನ ಹೇಳು.”