ಮೊಳೆ ಹುಣ್ಣು

ನನ್ನ ಅಣ್ಣನನ್ನು ಸೋಫಾ ಹೊಲಿಯುವವನು ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ಹೊಲಿಯುವವಳು ನಾನು. ಅವನು ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು ಮೊಳೆ ಹೊಡೆಯುವವನು. ಒಂದು ಕೈಯಲ್ಲಿ ಬಟ್ಟೆ, ಇನ್ನೊಂದರಲ್ಲಿ ಸುತ್ತಿಗೆ; ಮೊಳೆಗೆ ಬಾಯಿಯೇ ಡಬ್ಬಿ. ನಾಲಿಗೆಯಲ್ಲೇ ಒಂದೊಂದನ್ನು ತಿರುಗಿಸಿ ತುಟಿಗೆ ತಂದರೆ ಅಯಸ್ಕಾಂತದ ಸುತ್ತಿಗೆ ಅದನ್ನು ಎತ್ತಿಕೊಳ್ಳುತ್ತಿತ್ತು. ಅವನಿಗೆ ‘ಮೊಳೆಬಾಯಿ’ ಎಂದೇ ಹೆಸರು. ಊಟಕ್ಕೆ ಕುಳಿತಾಗ ಅತ್ತಿಗೆ, ಮೊಳೆ ಉಗಿದು ಬಂದಿರಾ ಎಂದು ಛೇಡಿಸುತ್ತಿದ್ದರು.

ನಾವಿಬ್ಬರೂ ದುಡಿಯುತ್ತಿದ್ದ ಸೋಫಾ ಕಾರ್ಖಾನೆಯಲ್ಲಿ ಅನೇಕರ ಬಾಯಲ್ಲಿ ಹುಣ್ಣು. ಮೊಳೆ ಚುಚ್ಚಿ ಆದದ್ದು ಎಂದೇ ಎಲ್ಲರ ನಂಬಿಕೆ. ಹುಣ್ಣಿಲ್ಲದವನನ್ನು ಕೆಲಸ ಬಾರದವನೆಂದು ಹಂಗಿಸುತ್ತಿದ್ದರು. ಅಣ್ಣನ ಎಡಗೆನ್ನೆಯೊಳಗೆ ಬಿಳಿ ಅಂಚಿನ ಹುಣ್ಣಾದಾಗ ಅವನು ಮೊಳೆಗಳನ್ನು ಬಲಗೆನ್ನೆಗೆ ವರ್ಗ ಮಾಡಿ, ವರ್ಷಗಳಿಂದ ಹಾಕುತ್ತಿದ್ದ ತಂಬಾಕನ್ನು ಖಾಲಿಯಾದ ಕಡೆ ಇನ್ನಷ್ಟು ಒತ್ತಿಕೊಂಡ. ಉರಿ ಮರಗಟ್ಟುತ್ತದಂತೆ. ಹಸಿವೂ ಸಾಯುತ್ತದೆ, ತೂಕಡಿಕೆಯೂ ಬರುವುದಿಲ್ಲ. ಹನ್ನೆರಡು ಗಂಟೆ ನಿಂತು ದುಡಿಯುವವನಿಗೆ ಇನ್ನೇನು ಬೇಕು? ಪೊಟ್ಟಣಗಳನ್ನು ಮಾಲೀಕರೇ ಚಹಾದ ಜೊತೆ ಕಳಿಸುತ್ತಿದ್ದರು. ಧಾರಾಳ ಮನುಷ್ಯ. ಆಸ್ಪತ್ರೆಗೆಂದು ಅರ್ಧ ದಿನ ರಜೆ ಕೇಳಿದರೆ ಮಾತ್ರ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಒಮ್ಮೆ ಬಾಯಿ ಕ್ಯಾನ್ಸರ್ ತಪಾಸಣೆಯವರು ನಮ್ಮಲ್ಲಿಗೇ ಬಂದರು. ದೊಡ್ಡ ಚಿತ್ರ ತೂಗುಹಾಕಿದರು. ನೋಡಲಾಗದೆ ಎಲ್ಲರೂ ಮುಖ ತಿರುಗಿಸಿದರು. ಅಷ್ಟು ಕೊಳೆತ ಬಾಯಿ ತಮ್ಮದಲ್ಲವಲ್ಲ! ಅಕ್ಷರ ಚೆನ್ನಾಗಿದೆಯೆಂದು ಫಾರಂ ತುಂಬುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಎರಡು ವಾರ ಮೀರಿದ ಹುಣ್ಣು ಇದೆಯೇ ಎಂಬುದು ಮೊದಲ ಪ್ರಶ್ನೆ. ಅಣ್ಣ ಇಲ್ಲವೆಂದ. ಕೆನ್ನೆಯೊಳಗಿರುವುದು ಮತ್ತೇನು ಎಂದು ಕೇಳಿದೆ.

“ಅದು ಮೊಳೇದು ಕಣೇ. ಅದೇನು ಕಾಯಿಲೆನಾ? ಇಲ್ಲ ಅಂತ ಬರಿ.”

‘ಇದೆ’ ಎಂದವರ ಬಾಯಿಯನ್ನಷ್ಟೇ ಡಾಕ್ಟರು ನೋಡುವುದಂತೆ. ಹಾಗೆಂದವರೇ ಇರಲಿಲ್ಲ. ಇಪ್ಪತ್ತೆರಡು ಸಲ ‘ಇಲ್ಲ’ ಎಂದು ದುಂಡಗೆ ಬರೆದೆ. ಆ ಕೈ ಬಿದ್ದುಹೋಗಬೇಕಿತ್ತು.

ಎಂಟು ತಿಂಗಳಲ್ಲಿ ಅಣ್ಣನ ಬಾಯಿ ಎರಡು ಬೆರಳೂ ಹೋಗದಷ್ಟು ಬಿಗಿದುಕೊಂಡಿತು. ಆಸ್ಪತ್ರೆಯಲ್ಲಿ ಅರ್ಧ ದವಡೆ ತೆಗೆದರು. ಈಗ ಅತ್ತಿಗೆ ಎಲ್ಲವನ್ನೂ ಅರೆದು ಕುಡಿಸುತ್ತಾರೆ. ಅವನ ಮಾತು ಮನೆಯವರಿಗೆ ಬಿಟ್ಟು ಬೇರೆಯವರಿಗೆ ತಿಳಿಯುವುದಿಲ್ಲ. ತಂಬಾಕಿನಿಂದ ಬಂದ ಕ್ಯಾನ್ಸರ್, ಮೊದಲೇ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದರು ಅಲ್ಲಿನ ಡಾಕ್ಟರು. ಬರುವುದೇನು, ಅವರ ಕಡೆಯವರೇ ನಮ್ಮ ಬಾಗಿಲಿಗೆ ಬಂದಿದ್ದರಲ್ಲ! ಇಲ್ಲವೆಂದು ಬರೆದು ಕಳಿಸಿದವಳು ನಾನು.

ಮಾಲೀಕರು ಮರುಗಿ, ಪಿನ್ನು ಹೊಡೆಯುವ ಗನ್ನುಗಳನ್ನು ತರಿಸಿದರು. ಮೊಳೆಯ ಕಾಟ ತಪ್ಪಿತೆಂದು ಎಲ್ಲರಿಗೂ ನಿರಾಳ. ಪೊಟ್ಟಣಗಳು ಮಾತ್ರ ಬರುತ್ತಲೇ ಇದ್ದವು. ತಂಬಾಕು ಬಿಡಿ ಎಂದು ನಾನು ಬಾಯಿ ಬಡಿದುಕೊಂಡರೆ, ಮೊಳೆ ಹೋಯಿತಲ್ಲ ಅಕ್ಕಾ ಎಂದು ನಗುತ್ತಿದ್ದರು. ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು.

ನಿನ್ನೆ ತಪಾಸಣೆಯವರು ಮತ್ತೆ ಬಂದರು. ಅದೇ ಚಿತ್ರ, ಅದೇ ಫಾರಂ, ಅದೇ ಪ್ರಶ್ನೆ. ಪೆನ್ನು ಕೈಗೆ ಬಂದ ಕೂಡಲೇ ಎದ್ದು ನಿಂತೆ.

“ಯಾರಿಗೆಲ್ಲ ಮೊಳೆ ಹುಣ್ಣಿದೆ? ಕೈ ಎತ್ತಿ.”

ಏಳು ಕೈಗಳು ಸಲೀಸಾಗಿ ಮೇಲೆದ್ದವು.

“ಬಾಯಿಗೆ ಮೊಳೆ ಹಾಕ್ಕೊಳ್ಳೋದು ಬಿಟ್ಟು ಎಷ್ಟು ತಿಂಗಳಾಯ್ತು?”

ಯಾರೋ ಆರು ಎಂದರು. ಎತ್ತಿದ ಕೈಗಳನ್ನು ಇಳಿಸಲೂ ಅವರಿಗೆ ತೋಚಲಿಲ್ಲ. ನಾನು ಕುಳಿತು ಏಳು ಫಾರಂಗಳಲ್ಲಿ ‘ಇದೆ’ ಎಂದು ಬರೆದೆ.